ನಿದ್ದೆ ಮೇಡಮ್ಮಿನ ಒಂಬತ್ತನೆಯ ಆವೃತ್ತಿ

ಆಫೀಸಿನಲ್ಲಿ ಆಕೆಯನ್ನು ಎಲ್ಲರೂ ನಿದ್ದೆ ಮೇಡಂ ಎಂದೇ ಕರೆಯುತ್ತಿದ್ದರು. ಹಾಗೆಂದು ಆಕೆ ಮೇಜಿಗೊರಗಿ ತೂಕಡಿಸುವವಳೇನಲ್ಲ. ಪ್ರೊಸೆಸರಿಗೆ ಕೆಲಸವಿಲ್ಲದಾಗ ಅದನ್ನು ಮಲಗಿಸಿ, ಕೆಲಸ ಬಂದೊಡನೆ ಎಬ್ಬಿಸುವ ಕೋಡ್ ಬರೆಯುವುದು ಹನ್ನೊಂದು ವರ್ಷಗಳಿಂದ ಆಕೆಯ ಕಸುಬು. ಚಿಪ್ ತಯಾರಿಸುವ ಆ ಕಂಪನಿಯಲ್ಲಿ ಐವತ್ತು ದಾಟಿಯೂ ಕೋಡ್ ಬರೆಯುತ್ತಿದ್ದವಳು ಆಕೆಯೊಬ್ಬಳೇ. ಜೊತೆಯವರೆಲ್ಲ ಎಂದೋ ಬಡ್ತಿ ಪಡೆದು ಮೀಟಿಂಗುಗಳ ಪಾಲಾಗಿದ್ದರು.

ಆ ಕೋಡು ಅಷ್ಟು ವರ್ಷವೂ ಕಂಪನಿಯ ಹೊಸ್ತಿಲು ದಾಟಿರಲಿಲ್ಲ. ಒಂದು ದಿನ ಆಕೆಗಿಂತ ಹದಿನೈದು ವರ್ಷ ಚಿಕ್ಕವನಾದ ಮ್ಯಾನೇಜರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ.

"ಮೇಡಂ, ನಮ್ಮ ಕೋಡನ್ನ ಓಪನ್ ಸೋರ್ಸ್ ಕರ್ನೆಲ್‌ಗೆ ಸೇರಿಸಬೇಕಂತೆ. ಗ್ರಾಹಕರು ಅದನ್ನೇ ಕೇಳ್ತಿದಾರೆ. ಎರಡು ವಾರ ಸಾಕಲ್ವಾ?"

"ನಾವು ಸೇರಿಸೋದಲ್ಲ, ಅವರು ಸೇರಿಸ್ಕೋಬೇಕು."

"ಪುಕ್ಕಟೆ ಕೊಡ್ತೀವಿ ಅಂದ್ರೆ ಯಾರು ಬೇಡ ಅಂತಾರೆ?"

ಬೇಡ ಎಂದವನು ಭೂಮಿಯ ಇನ್ನೊಂದು ಬದಿಯಲ್ಲಿದ್ದ. ಕಂಪ್ಯೂಟರಿನ ಯಂತ್ರಭಾಗಗಳನ್ನೆಲ್ಲ ಆಳುವ ಆ ಕರ್ನೆಲ್ ಯಾರೊಬ್ಬರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಕೋಡ್ ಕಳಿಸಬಹುದು. ಆದರೆ ಒಂದೊಂದು ಭಾಗಕ್ಕೂ ಒಬ್ಬ ಮೇಲ್ವಿಚಾರಕನಿದ್ದು, ಅವನು ಒಪ್ಪದೆ ಒಂದು ಸಾಲೂ ಒಳಗೆ ಹೋಗದು. ವಿದ್ಯುತ್ ಉಳಿತಾಯದ ಭಾಗ ನೋಡುವವನು ಮಾತಿನಲ್ಲೂ ಉಳಿತಾಯದವನೇ. ಆಕೆಯ ನಾಲ್ಕು ಸಾವಿರ ಸಾಲಿಗೆ ಅವನು ಎಲ್ಲರಿಗೂ ಕಾಣುವ ಮೇಲಿಂಗ್ ಲಿಸ್ಟಿನಲ್ಲಿ ಎರಡು ಸಾಲಿನ ಉತ್ತರ ಬರೆದ: 'ಇದೇ ಕೆಲಸ ಮಾಡುವ ಕೋಡ್ ನಮ್ಮಲ್ಲಿ ಈಗಾಗಲೇ ಇದೆ. ಅದನ್ನೇ ಬಳಸಿ, ನಿಮ್ಮ ಚಿಪ್ಪಿಗೆ ಬೇಕಾದಷ್ಟನ್ನು ಮಾತ್ರ ಕಳಿಸಿ.'

ಆಕೆಗೆ ಸಿಟ್ಟು ಬಂತು. ಎರಡು ದಿನ ಕೂತು ಆ ಹಳೆಯ ಕೋಡನ್ನು ಓದಿದ ಮೇಲೆ, ಅವನು ಹೇಳಿದ್ದು ಸರಿಯೆಂದು ತಿಳಿದು ಸಿಟ್ಟು ಇನ್ನಷ್ಟಾಯಿತು. ಎಂಟು ತಿಂಗಳಲ್ಲಿ ಎಂಟು ಆವೃತ್ತಿ ಹೋದವು. ನಾಲ್ಕು ಸಾವಿರ ಸಾಲು ಇನ್ನೂರಕ್ಕಿಳಿಯಿತು. ಮ್ಯಾನೇಜರನ ವರದಿಯಲ್ಲಿ 'ಇನ್ನೆರಡು ವಾರ' ಎಂಬ ಮಾತು ಮಾತ್ರ ಕದಲಲಿಲ್ಲ.

ಮೂರು ದಿನ ಎಡೆಬಿಡದೆ ನಡೆಸಿದ ಪರೀಕ್ಷೆಯ ಫಲಿತಾಂಶ ಬೇಕೆಂದು ಎಂಟನೆಯದಕ್ಕೆ ಉತ್ತರ ಬಂತು. ಆಫೀಸಿನ ಲ್ಯಾಬಿನಲ್ಲಿ ವೈರಿಂಗ್ ದುರಸ್ತಿ ನಡೆದಿತ್ತು. ಆಕೆ ಚಿಪ್ ಕೂರಿಸಿದ ಬೋರ್ಡನ್ನು ಮನೆಗೆ ತಂದು ಊಟದ ಮೇಜಿನ ಮೂಲೆಯಲ್ಲಿಟ್ಟು ಚಾಲೂ ಮಾಡಿದಳು. ಮೂರನೆಯ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ನೋಡಿದರೆ ಬೋರ್ಡು ತಣ್ಣಗೆ ಕೂತಿತ್ತು.

"ಅತ್ತೆ, ಈ ಸ್ವಿಚ್ ಯಾರು ಆರಿಸಿದ್ದು?"

"ನಾನೇ ಕಣಮ್ಮ. ಯಾರೂ ಇಲ್ದೆ ದೀಪ ಮಿಣುಕ್ತಾ ಇತ್ತು. ಸುಮ್ನೆ ಕರೆಂಟು ಹಾಳು."

"ಕರೆಂಟು ಉಳಿಸೋಕೇ ಅತ್ತೆ ಅದನ್ನ ಇಟ್ಟಿದ್ದು."

"ನಾನು ಮಾಡಿದ್ದೂ ಅದನ್ನೇ ತಾನೇ?"

ಸೊಸೆ ಮತ್ತೆ ಸ್ವಿಚ್ ಒತ್ತಿದಳು. ಪ್ರೊಸೆಸರಿನ ನಾಲ್ಕು ಭಾಗಗಳಲ್ಲಿ ಮೂರು ಎದ್ದವು. ನಾಲ್ಕನೆಯದು ಏನು ಮಾಡಿದರೂ ಏಳಲೊಲ್ಲದು. ಹತ್ತು ಬಾರಿ ಆರಿಸಿ ಹಚ್ಚಿದಳು. ನಾಲ್ಕು ಬಾರಿ ಅದೇ ಕತೆ. ಯಾವ ಭಾಗ ಮಲಗಿದೆ ಎಂಬ ಗುರುತನ್ನು ಚಿಪ್ಪು ಪುಟ್ಟ ಬ್ಯಾಟರಿಯೊಂದರ ಬಲದಿಂದ ನೆನಪಿಟ್ಟುಕೊಳ್ಳುತ್ತಿತ್ತು. ನಿದ್ದೆಯ ನಡುವೆ ಕರೆಂಟು ಹೋಗಿ ಬಂದರೆ ಆ ಹಳೆಯ ಗುರುತನ್ನು ಅಳಿಸುವ ಸಾಲು ಕೋಡಿನಲ್ಲಿ ಇರಲೇ ಇಲ್ಲ, ಆ ಭಾಗ ಮಲಗಿಯೇ ಉಳಿಯುತ್ತಿತ್ತು. ಈ ತಪ್ಪು ಹನ್ನೊಂದು ವರ್ಷದಿಂದ ಅಲ್ಲೇ ಇತ್ತು, ಅದೂ ಆಕೆಯದೇ ಕೈಬರಹದಲ್ಲಿ. ಯಾವ ಪರೀಕ್ಷಕನಿಗೂ ಪರೀಕ್ಷೆಯ ನಡುವೆ ಸ್ವಿಚ್ ಆರಿಸುವ ಬುದ್ಧಿ ಹೊಳೆದಿರಲಿಲ್ಲ.

"ಇದನ್ನ ಲಿಸ್ಟಲ್ಲಿ ಹೇಳ್ಬೇಕಾ ಮೇಡಂ? ಸದ್ದಿಲ್ದೆ ಸರಿಮಾಡಿ ಕಳಿಸಿಬಿಡಿ," ಎಂದ ಆಫೀಸಿನಲ್ಲಿ ಸಂಗತಿ ಕೇಳಿದ ಮ್ಯಾನೇಜರು.

"ಈ ಹೊಸ ಸಾಲು ಯಾಕೆ ಬಂತು ಅಂತ ಆ ಮೇಲ್ವಿಚಾರಕ ಕೇಳೇ ಕೇಳ್ತಾನೆ. ಆಗ ಸುಳ್ಳು ಹೇಳೋಕೆ ನನ್ನಿಂದಾಗಲ್ಲ."

ತಪ್ಪು ತಿದ್ದಿ, ಮೂರು ದಿನದ ಪರೀಕ್ಷೆಯನ್ನು ಮತ್ತೆ ನಡೆಸಿ ಮುಗಿಸಿ, ಒಂಬತ್ತನೆಯ ಆವೃತ್ತಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಳು. ತಪ್ಪು ಕಂಡುಹಿಡಿದವರ ಹೆಸರು ನಮೂದಿಸುವುದು ಅಲ್ಲಿನ ಪದ್ಧತಿ. ಸ್ವಲ್ಪ ಹೊತ್ತು ಕೂತು ಯೋಚಿಸಿ, ಅತ್ತೆಯ ಹೆಸರು ಬರೆದು, ಸ್ವಿಚ್ಚಿನ ಸಂಗತಿಯನ್ನೂ ಸೇರಿಸಿದಳು. ಮರುದಿನ ಉತ್ತರ ಬಂತು: 'ಸೇರಿಸಿಕೊಂಡಿದ್ದೇನೆ. ನಮ್ಮ ಪರೀಕ್ಷಾ ವಿಧಾನಕ್ಕಿಂತ ನಿಮ್ಮ ಅತ್ತೆಯವರದು ಉತ್ತಮ.' ಒಂಬತ್ತು ತಿಂಗಳಲ್ಲಿ ಅವನಾಡಿದ ಮೊದಲ ಹೊಗಳಿಕೆ ಅದು. ಅದೂ ಆಕೆಗೆ ಸಂದದ್ದಲ್ಲ.

ಕಂಪನಿಯ ಅಭಿನಂದನೆಯ ಮೇಲ್‌ನಲ್ಲಿ ಮ್ಯಾನೇಜರನ ಹೆಸರಿತ್ತು, ಅವನ ಮೇಲಿನ ಇಬ್ಬರ ಹೆಸರಿತ್ತು, ಕೊನೆಗೆ 'ತಂಡದ ಇತರರು' ಇದ್ದರು. ವರ್ಷದ ಮೌಲ್ಯಮಾಪನದಲ್ಲಿ ಬರೆದ ಸಾಲುಗಳ ಲೆಕ್ಕ ಕೇಳಿದ್ದರು. ಆಕೆ ಮೂರು ಸಾವಿರದ ಎಂಟುನೂರು ಕಡಿಮೆ ಎಂದು ತುಂಬಲು ಹೋದರೆ, ಆ ಖಾನೆ ಮೈನಸ್ ಗುರುತನ್ನೇ ಒಪ್ಪಲಿಲ್ಲ. ಸೊನ್ನೆ ಹಾಕಿ ಕಳಿಸಿದಳು.

ಮನೆಯಲ್ಲಿ ತೆರೆಯ ಮೇಲೆ ಹೆಸರು ತೋರಿಸಿದಾಗ ಅತ್ತೆ ಗಾಬರಿಯಾದರು. "ನನ್ನ ಹೆಸರು ಯಾಕಮ್ಮ ಬರೆಸಿದೆ? ಏನಾದ್ರೂ ಕೆಡಿಸಿದ್ನಾ?"

"ಕೆಟ್ಟಿದ್ದು ಮೊದಲೇ ಇತ್ತು ಅತ್ತೆ. ನೀವು ತೋರಿಸಿಕೊಟ್ರಿ."

"ಯಾರ್ಯಾರು ಓದ್ತಾರೆ ಇದನ್ನ?"

"ಯಾರು ಬೇಕಾದ್ರೂ."

ಅತ್ತೆ ಕನ್ನಡಕ ಸರಿಮಾಡಿಕೊಂಡು, ತಮ್ಮ ಹೆಸರಿರುವ ಜಾಗವನ್ನು ಇನ್ನೊಮ್ಮೆ ಬೆರಳಿಟ್ಟು ತೋರಿಸಲು ಹೇಳಿದರು.

ಎರಡು ದಿನ ಕಳೆದು ಸೊಸೆ ತಂತಿಯ ಮೇಲಿನ ಬಟ್ಟೆ ತೆಗೆಯುತ್ತಿದ್ದಾಗ, ಅತ್ತೆ ಗೋಡೆಯಾಚೆಯ ಪಕ್ಕದ ಮನೆಯಾಕೆಯೊಡನೆ ಮಾತಿಗೆ ನಿಂತಿದ್ದರು.

"ನಮ್ಮ ಸೊಸೆ ಕೆಲಸದಲ್ಲಿ ಒಂದು ತಪ್ಪಿತ್ತು. ಹನ್ನೊಂದು ವರ್ಷದಿಂದ ಒದ್ದಾಡ್ತಿದ್ಲು, ಪಾಪ. ನಾನು ಒಂದು ನಿಮಿಷದಲ್ಲಿ ಹಿಡಿದುಕೊಟ್ಟೆ."

ಸೊಸೆ ಮಡಿಸಿದ ಬಟ್ಟೆಯನ್ನು ತೋಳ ಮೇಲೆ ಹಾಕಿಕೊಂಡಳು. ಒದ್ದಾಡಿದ್ದೊಂದು ಬಿಟ್ಟರೆ ಮಿಕ್ಕದ್ದೆಲ್ಲ ಕರ್ನೆಲ್ಲಿನ ದಾಖಲೆಯಲ್ಲಿ ಹಾಗೇ ಇತ್ತು.