ತಳ ತೆಗೆದ ಪಾವು

ನಮ್ಮ ಮನೆಯ ಚಾವಡಿಯ ಗೋಡೆಯ ಮೇಲೆ ಒಂದು ಚಿತ್ರವಿದೆ. ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ ಹಾಯಿ ಬಿಚ್ಚಿ ನಿಂತ ದೋಣಿ, ಅದರಲ್ಲಿ ನಮ್ಮವರು, ಮೇಲೆ ಆಕಾಶದಲ್ಲಿ ರೆಕ್ಕೆ ಹರಡಿದ ಒಂದು ಹಕ್ಕಿ. ಬಂದವರಿಗೆಲ್ಲ ಮನೆಯವರು ಇದರ ಕಥೆ ಹೇಳುತ್ತಾರೆ. ಹೊಸ ದೋಣಿ ಮೊದಲ ಸಲ ಕಡಲಿಗಿಳಿದ ದಿನ ಗರುಡ ಬಂದು ಸುತ್ತು ಹಾಕಿತಂತೆ. ಬೊಂಬಾಯಿಯಿಂದ ತರಿಸಿದ ದೊಡ್ಡ ಲೆನ್ಸಿನಲ್ಲಿ ಅದನ್ನು ಹಿಡಿದದ್ದಂತೆ. ಫೋಟೊ ತೆಗೆದರೆ ಆಯುಷ್ಯ ಕಡಿಮೆಯಾಗುತ್ತದೆಂದು ಅಜ್ಜಿ ಅತ್ತು ಗಲಾಟೆ ಮಾಡಿದ್ದರಂತೆ. ಈ ‘ಅಂತೆ’ಗಳನ್ನು ನಾನು ಎಂದೂ ನಂಬಿದವನಲ್ಲ. ಆ ಬೆಳಿಗ್ಗೆ ಕ್ಯಾಮರದ ಹಿಂದೆ ನಿಂತಿದ್ದವನು ನಾನು. ಗರುಡ ಬಂದಿರಲಿಲ್ಲ, ಬೊಂಬಾಯಿಯ ಲೆನ್ಸೂ ಬಂದಿರಲಿಲ್ಲ. ಅಜ್ಜಿಯಂತೂ ಆ ಚಿತ್ರಕ್ಕಾಗಿ ನನಗಿಂತ ಹೆಚ್ಚು ಹಟ ಹಿಡಿದವರು.

ಆಗ ನಾನು ಪೇಟೆಯ ಒಂದು ಫೋಟೊ ಸ್ಟುಡಿಯೊದಲ್ಲಿ ಕೆಲಸಕ್ಕಿದ್ದೆ. ಎರಡನೆಯ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಗಾಜಿನ ಪ್ಲೇಟುಗಳು ಹಡಗಿನಲ್ಲಿ ಬಂದರಿಗೆ ಸಲೀಸಾಗಿ ಬರುತ್ತಿದ್ದ ಕಾಲ. ಶಾಲೆಯನ್ನು ಎಳವೆಯಲ್ಲೇ ಬಿಟ್ಟಿದ್ದೆ. ಇಂಗ್ಲಿಷನ್ನು ಮೊದಲು ಔಷಧದ ಬಾಟಲಿಗಳ ಮೇಲಿನ ಚೀಟಿಗಳಿಂದ, ಅನಂತರ ಸ್ಟುಡಿಯೊದ ಯಜಮಾನರ ಕಪಾಟಿನಲ್ಲಿದ್ದ ಛಾಯಾಗ್ರಹಣದ ದಪ್ಪ ಪುಸ್ತಕದಿಂದ ಕಲಿತೆ. ಹೀಗೆ ಕಲಿತವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ: ಅಚ್ಚಾದ ಮಾತನ್ನೂ ಕೈಯಲ್ಲಿ ಮುಟ್ಟಿ ನೋಡದೆ ಅವನು ಒಪ್ಪುವುದಿಲ್ಲ.

ನಮ್ಮದು ತಲೆಮಾರುಗಳಿಂದ ಕಡಲಿಗಿಳಿಯುವ ಕುಟುಂಬ. ಹೆಣ್ಣಿನ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆಯಾದುದರಿಂದ ದೋಣಿ ನಡೆಸುವವರು ಮಾವ, ಮಾತು ನಡೆಯುವುದು ಅವರ ತಾಯಿಯದು, ಎಂದರೆ ನನ್ನ ಅಜ್ಜಿಯದು. ಅಜ್ಜಿಗೆ ಮೂಗಿನ ತುದಿಯವರೆಗೆ ತಂದದ್ದು ಮಾತ್ರ ಕಾಣುತ್ತಿತ್ತು. ಬಂಗುಡೆಯ ಕಿವಿರನ್ನು ಮುಖಕ್ಕೆ ತಾಗಿಸಿ ಮೀನು ಇಂದಿನದೋ ನಿನ್ನೆಯದೋ ಹೇಳುತ್ತಿದ್ದರು. ವಾಸನೆಯಿಂದಲ್ಲ, ಕಣ್ಣಿನಿಂದಲೇ ಎಂದು ಅವರ ವಾದ. ಒಂದು ಮಾರು ಆಚೆಗಿನದೆಲ್ಲ ಅವರಿಗೆ ಮಂಜು. ಡಾಕ್ಟರರು ಕೊಟ್ಟ ಕನ್ನಡಕವನ್ನು ಹಾಕಿ ಅಂಗಳದವರೆಗೆ ನಡೆದು, ನೆಲ ಎದ್ದು ಮೈಮೇಲೆ ಬರುತ್ತದೆ ಎಂದು ತೆಗೆದಿಟ್ಟವರು ಮತ್ತೆ ಅದನ್ನು ಮುಟ್ಟಲಿಲ್ಲ. ಆ ಮನೆಯಿಂದ ಹೊರಟ ಪ್ರತಿಯೊಂದು ದೋಣಿಯನ್ನೂ ದಡದಲ್ಲಿ ನಿಂತು, ಕೈ ಮುಗಿದು ಕಳುಹಿಸಿದ ಹೆಂಗಸು. ಒಂದನ್ನಾದರೂ ಹಾಯಿ ಬಿಚ್ಚಿದ ಮೇಲೆ ಕಂಡವರಲ್ಲ.

ಹಿಂದಿನ ವರ್ಷ ಹಳೆಯ ದೋಣಿ ಅಳಿವೆ ದಾಟುವುದನ್ನು ಹೊಳೆಗೂ ಕಡಲಿಗೂ ನಡುವೆ ಚಾಚಿದ ಮರಳದಿಣ್ಣೆ, ಬೆಂಗ್ರೆಯ ಮೇಲಿಂದ ತೆಗೆದು ಅವರ ಕೈಗೆ ಕೊಟ್ಟಿದ್ದೆ. ಚಿತ್ರವನ್ನು ಮೂಗಿಗೆ ಒತ್ತಿಕೊಂಡು ನೋಡಿದರು. ಮನೆಯ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಎಂತ ಮಗಾ ಇದು? ದೋಣಿಯಾ, ನೊಣವಾ?”

“ದೋಣಿ ಅಜ್ಜಿ.”

“ಹಾಗಾದರೆ ನಿನ್ನ ಮಾವ ನೊಣದ ಮೇಲೆ ಕೂತು ಮೀನು ಹಿಡಿಯಲಿಕ್ಕೆ ಹೋಗುವುದಾ?”

ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಅವರು ಮೆಲ್ಲಗೆ ಹೇಳಿದರು: “ಹೊಸ ದೋಣಿ ಹೋಗುವಾಗ ನನಗೆ ಕಾಣುವ ಹಾಗೆ ತೆಗಿ. ಕಣ್ಣಿಗೆ ಪೊರೆ ಬೇರೆ ಬರ್ತಾ ಉಂಟು. ಆಮೇಲೆ ನೀನು ಆನೆಯಷ್ಟು ದೊಡ್ಡದು ತೆಗೆದರೂ ನನಗೆ ಎಂತ ಪ್ರಯೋಜನ?”

ಹತ್ತಿರ ಹೋಗಿ ತೆಗೆಯುವಂತಿರಲಿಲ್ಲ. ಮೊದಲ ಸಲ ಹೊರಡುವ ದೋಣಿ ಅಳಿವೆ ದಾಟುವ ತನಕ ಬೇರೆ ದೋಣಿ ಅದರ ಬಳಿ ಸುಳಿಯಬಾರದೆಂಬುದು ನಮ್ಮ ಮನೆಯ ಕಟ್ಟಳೆ. “ಬಂದೆಯೋ, ಕ್ಯಾಮರ ಸಮೇತ ನೀರಿಗೆ ಹಾಕ್ತೇನೆ” ಎಂದು ಮಾವ ಮೊದಲೇ ಹೇಳಿಬಿಟ್ಟಿದ್ದರು. ಹೀಗಾಗಿ ದೂರದಿಂದಲೇ ದೊಡ್ಡದು ಮಾಡುವ ಲೆನ್ಸು ಬೇಕಾಯಿತು.

ಸ್ಟುಡಿಯೊದ ಕ್ಯಾಮರ ಮರದ್ದು. ಅದರ ನಡುವೆ ಮಡಿಕೆ ಮಡಿಕೆಯಾಗಿ ಹಿಗ್ಗುವ ಕಪ್ಪು ಚರ್ಮದ ಗೂಡನ್ನು, ಕಮ್ಮಾರನದನ್ನು ಹೋಲುವುದರಿಂದ, ನಾವು ತಿದಿ ಎನ್ನುತ್ತಿದ್ದೆವು. ಲೆನ್ಸು ಉದ್ದವಾದಷ್ಟೂ ಅದನ್ನು ಪ್ಲೇಟಿನಿಂದ ದೂರ ನಿಲ್ಲಿಸಬೇಕು. ಹದಿನಾರು ಅಂಗುಲದ ಲೆನ್ಸಿಗೆ ಹದಿನಾರು ಅಂಗುಲದ ತಿದಿ. ನಮ್ಮದು ಹದಿಮೂರಕ್ಕೆ ಬಿಗಿದು ನಿಲ್ಲುತ್ತಿತ್ತು. ಯಜಮಾನರು ಬೊಂಬಾಯಿಯ ಕ್ಯಾಟಲಾಗು ತೆರೆದು ಟೆಲಿಫೋಟೊ ಲೆನ್ಸಿನ ಚಿತ್ರ ತೋರಿಸಿದರು. ಅದಕ್ಕೆ ಗಿಡ್ಡ ತಿದಿ ಸಾಕು, ನಿಜ. ಆದರೆ ಅದು ಜಿಪುಣನಂತೆ ಬೆಳಕನ್ನು ಒಳಗೆ ಬಿಡುತ್ತದೆ. ಗುಡ್ಡವಾದರೆ ಕಾಯುತ್ತದೆ, ದೋಣಿ ಕಾಯುವುದಿಲ್ಲ.

ಉಳಿದದ್ದು ನಮ್ಮದೇ ಲೆನ್ಸು. ಒಂದು ಕೊಳವೆಯ ಎರಡು ತುದಿಗೆ ಎರಡು ಗಾಜು. ಒಂದನ್ನು ತಿರುಚಿ ತೆಗೆದರೆ ಎಂಟು ಅಂಗುಲದ್ದು ಹದಿನಾರಾಗುತ್ತದೆ, ಬೆಳಕೂ ತೀರ ಬಡವಾಗುವುದಿಲ್ಲ. ಮುಂದಿನದನ್ನು ತೆಗೆದು ಹಿಂದಿನದನ್ನು ಇಟ್ಟುಕೊಳ್ಳಬೇಕೆಂದು ಪುಸ್ತಕ ಅಪ್ಪಣೆ ಕೊಡಿಸಿತ್ತು. ನಾನು ಆ ಅರ್ಧ ಲೆನ್ಸನ್ನು ಕೈಯಲ್ಲಿ ಹಿಡಿದು, ಕಿಟಕಿಯಾಚೆಯ ತೆಂಗಿನ ಮರವನ್ನು ಗೋಡೆಯ ಮೇಲೆ ಬೀಳಿಸಿ ನೋಡಿದೆ. ಉಬ್ಬು ಗೋಡೆಯ ಕಡೆಗಿದ್ದಾಗ ಬೇಕಾಗುವ ದೂರಕ್ಕಿಂತ, ಉಬ್ಬನ್ನು ಮರದ ಕಡೆಗೆ ತಿರುಗಿಸಿದಾಗ ಬೇಕಾಗುವ ದೂರ ಒಂದು ಬೆರಳಿನಷ್ಟು ಕಡಿಮೆ! ಎಂದರೆ ಗಾಜನ್ನು ಹಿಂದಿನಿಂದ ತೆಗೆದು ಮುಂದೆ ಹಾಕಿದರೆ ತಿದಿಯಲ್ಲಿ ಒಂದು ಬೆರಳು ಉಳಿತಾಯ.

“ಪುಸ್ತಕದಲ್ಲಿ ಹಿಂದಿನದ್ದು ಅಂತ ಬರೆದುಂಟು ಮಾರಾಯ” ಎಂದರು ಯಜಮಾನರು.

“ಬರೆದವನ ತಿದಿ ಉದ್ದ ಇದ್ದಿರಬೇಕು.”

“ನಿನಗೆ ಪುಸ್ತಕಕ್ಕಿಂತ ಹೆಚ್ಚು ಗೊತ್ತುಂಟಾ?”

“ಇಲ್ಲ. ನಮ್ಮ ತಿದಿ ಗಿಡ್ಡ ಅಂತ ಗೊತ್ತುಂಟು.”

“ಮುಂದೆ ಹಾಕಿದರೆ ನೇರ ಗೆರೆ ಬಾಗ್ತದೆ. ಅದೂ ಪುಸ್ತಕದಲ್ಲಿ ಉಂಟು.”

“ದೋಣಿಯಲ್ಲಿ ನೇರ ಇರುವುದು ಎಂತ ಉಂಟು, ಹೇಳಿ.”

ಅವರು ಪುಸ್ತಕ ಮುಚ್ಚಿದರು. ಆದರೆ ಒಂದು ಬೆರಳಿನ ಉಳಿತಾಯ ಸಾಲದು. ಕೊರತೆಯಿದ್ದದ್ದು ಮೂರು ಅಂಗುಲ, ಎಂದರೆ ನಾಲ್ಕು ಬೆರಳು; ಇನ್ನೂ ಮೂರು ಬೆರಳು ಬೇಕಿತ್ತು. ಲೆನ್ಸನ್ನು ಕ್ಯಾಮರದ ಮುಖದಿಂದ ಅಷ್ಟು ಮುಂದಕ್ಕೆ ಹಿಡಿಯುವ ಒಂದು ಗಟ್ಟಿ ಕೊಳವೆ ಸಿಕ್ಕರೆ ಕೆಲಸವಾಗುತ್ತದೆಂದು ಯೋಚಿಸುತ್ತಾ ಮನೆಗೆ ಬಂದೆ. ಅಜ್ಜಿ ಅಡುಗೆಮನೆಯಲ್ಲಿ ಕುಚ್ಚಲಕ್ಕಿ ಅಳೆಯುತ್ತಿದ್ದರು. ಅವರ ಕೈಯಲ್ಲಿದ್ದ ಹಿತ್ತಾಳೆಯ ಪಟ್ಟಿಯ ಮರದ ಪಾವನ್ನು ಕಂಡ ನಾನು ಅಲ್ಲೇ ಕುಕ್ಕರಿಸಿ, ಅದರ ಎತ್ತರಕ್ಕೆ ಬೆರಳು ಹಿಡಿದೆ. ಸರಿಯಾಗಿ ಮೂರು.

“ಅಜ್ಜಿ, ಈ ಪಾವು ಬೇಕಿತ್ತು. ತಳ ತೆಗೆಯಬೇಕು.”

ಹೊರಗೆ ಬಲೆ ಕಟ್ಟುತ್ತಿದ್ದ ಮಾವ ಬಾಗಿಲಿಗೇ ಬಂದರು. “ಮರುಳಾ ನಿನಗೆ? ತಳ ಇಲ್ಲದ ಪಾವು ಇದ್ದ ಮನೆಯಲ್ಲಿ ಅಕ್ಕಿ ನಿಲ್ತದಾ?”

ಅಜ್ಜಿ ಪಾವನ್ನು ಕಣ್ಣಿಗೆ ಹತ್ತಿರ ಹಿಡಿದು, ತಿರುಗಿಸಿ ನೋಡಿದರು. “ಅಳೆದು ಅಳೆದೇ ಅಕ್ಕಿ ಮುಗಿಯುವುದು ಮಗಾ. ಅಳತೆಯೇ ಇಲ್ಲದಿದ್ದರೆ ಮುಗಿಯುವುದು ಹೇಗೆ?”

ಈ ತರ್ಕದಲ್ಲಿ ಎಲ್ಲೋ ತೂತಿದೆಯೆಂದು ನನಗೂ ಅನಿಸಿತು. ಆದರೆ ನನಗೆ ಬೇಕಾಗಿದ್ದದ್ದೂ ತೂತೇ. ಬರಿಯ ಪಾವನ್ನು ಯಾರ ಕೈಗೂ ಕೊಡಬಾರದೆಂದು ಅಜ್ಜಿ ಅದಕ್ಕೆ ಒಂದು ಹಿಡಿ ಅಕ್ಕಿ ಹಾಕಿ ಕೊಟ್ಟರು. ಕೆಲಸ ಮುಗಿಯುವ ತನಕ ಆ ಅಕ್ಕಿ ಪಾವಿನ ಜೊತೆಗೇ ಇರಬೇಕು, ಎಂದೂ ಹೇಳಿದರು. ಕ್ಯಾಮರಕ್ಕೆ ಹೊದಿಸುವ ಕಪ್ಪು ಬಟ್ಟೆಯ ಮೂಲೆಯಲ್ಲಿ ಅದನ್ನು ಗಂಟು ಕಟ್ಟಿದೆ. ಉಳಿಯಿಂದ ತಳ ಬಿಡಿಸಿ, ದೀಪದ ಮಸಿಯನ್ನು ಅಂಟಿನಲ್ಲಿ ಕಲಸಿ ಒಳಗೆ ಬಳಿದು, ಬಾಯಿಗೆ ಲೆನ್ಸು ಕೂರಿಸಿದಾಗ ಯಜಮಾನರು ಹೊಟ್ಟೆ ಹಿಡಿದು ನಕ್ಕರು. “ಇದು ಕ್ಯಾಮರವಾ, ಜೀನಸಿನ ಅಂಗಡಿಯಾ?” ಆದರೂ ಕ್ಯಾಮರದ ಹಿಂಬದಿಯ ಮಸುಕು ಗಾಜಿನ ಮೇಲೆ ಆಚೆ ಬೀದಿಯ ಹಂಚಿನ ಮಾಡು ಒಂದೊಂದು ಹಂಚೂ ಎಣಿಸುವಂತೆ ಮೂಡಿದಾಗ, ಪ್ಲೇಟುಗಳ ಡಬ್ಬಿಯನ್ನು ಅವರೇ ತೆಗೆದುಕೊಟ್ಟರು.

ಶ್ರಾವಣದ ನೂಲ ಹುಣ್ಣಿಮೆ ಕಳೆದು ಕಡಲು ತಣಿದ ಮೇಲೆ ಒಂದು ಬೆಳಿಗ್ಗೆ ಹೊಸ ದೋಣಿ ಹೊರಟಿತು. ಅಜ್ಜಿ ದಡದ ಹೆಂಗಸರ ಜೊತೆ ನಿಲ್ಲದೆ ನನ್ನೊಡನೆ ಬೆಂಗ್ರೆಯ ತುದಿಗೆ ಬಂದು, ಕವುಚಿ ಹಾಕಿದ ಬುಟ್ಟಿಯ ಮೇಲೆ ಕೂತರು. ಬೆನ್ನ ಹಿಂದೆ ಸೂರ್ಯ, ಮುಂದೆ ಅಳಿವೆ. ತೆರೆಯ ಲಯ ನೋಡಿಕೊಂಡು ನುಗ್ಗಲು ಪ್ರತಿಯೊಂದು ದೋಣಿಯೂ ಅಲ್ಲಿ ಒಂದು ಗಳಿಗೆ ತಡೆದು ನಿಲ್ಲುತ್ತದೆ. ನನಗಿದ್ದದ್ದು ಆ ಗಳಿಗೆಯೇ. ಅಲ್ಲಿನ ಗುರುತಿನ ಕಂಬಕ್ಕೆ ಲೆನ್ಸನ್ನು ಸರಿಹೊಂದಿಸಿ ಕಾದೆ.

“ಬಂತಾ?”

“ಬರ್ತಾ ಉಂಟು. ನೀವು ಮಾತಾಡಿದರೆ ಕ್ಯಾಮರ ನಡುಗ್ತದೆ ಅಜ್ಜಿ.”

“ನಡುಗುವುದು ನಿನ್ನ ಕಾಲು.”

ಹಾಯಿ ಮಸುಕು ಗಾಜಿನೊಳಕ್ಕೆ ಬಂದಾಗ ನನ್ನ ಬಾಯಿಂದ “ಆಹಾ!” ಎಂಬ ಮಾತು ತಪ್ಪಿ ಹೊರಟಿತು. ಅಷ್ಟು ಸಾಕಾಯಿತು. ಅಜ್ಜಿ ಎದ್ದು ಬಂದು, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ನನ್ನನ್ನು ಮೊಣಕೈಯಿಂದ ಸರಿಸಿ, ಗಾಜಿಗೆ ಮೂಗು ಒತ್ತಿದರು. ಕ್ಯಾಮರದ ಗಾಜಿನಲ್ಲಿ ಲೋಕ ತಲೆಕೆಳಗು. ಆಕಾಶ ಕೆಳಗೆ, ಕಡಲು ಮೇಲೆ. ಆದರೆ ಅದು ಅವರ ಮೂಗಿನ ತುದಿಯಲ್ಲಿತ್ತು, ಬೆರಳುದ್ದವಿತ್ತು, ಮತ್ತು ಚಲಿಸುತ್ತಿತ್ತು.

“ಅಯ್ಯೋ ದೇವರೇ! ಹಾಯಿ ಉಬ್ಬಿದೆ! ಹುಟ್ಟು ಹಾಕ್ತಾ ಇದ್ದಾರೆ! ಚುಕ್ಕಾಣಿಯಲ್ಲಿ ನನ್ನ ಮಗ, ಭುಜ ಒಂದು ಕಡೆ ವಾಲಿಸಿ ನಿಂತಿದ್ದಾನೆ, ಅವನ ಅಪ್ಪನ ಹಾಗೇ!”

“ಅಜ್ಜಿ, ತಲೆ ತೆಗೆಯಿರಿ, ಪ್ಲೇಟು ಹಾಕಬೇಕು.”

“ನಿಲ್ಲು ಮಾರಾಯ. ತಲೆಕೆಳಗಾಗಿದ್ದಾನೆ, ಬೀಳ್ತಾನಾ ನೋಡ್ತೇನೆ.”

“ನಿಂತಿತು ಅಜ್ಜಿ, ದೋಣಿ ನಿಂತಿತು! ಈಗ ಹೋದರೆ ಹೋಯಿತು!”

ಅವರನ್ನು ಬಟ್ಟೆ ಸಮೇತ ಹಿಂದಕ್ಕೆಳೆದೆ ಎಂದೇ ಹೇಳಬೇಕು. ಗಂಟು ಬಿಚ್ಚಿ ಅಕ್ಕಿ ಕ್ಯಾಮರದ ಮೇಲೆಲ್ಲ ಚೆಲ್ಲಿತು. ಮಸುಕು ಗಾಜನ್ನು ಮೇಲೆತ್ತಿ, ಪ್ಲೇಟು ತೂರಿಸಿ, ಲೆನ್ಸಿನ ಕದ ತೆರೆಯುವ ರಬ್ಬರಿನ ಉಂಡೆ ಹಿಸುಕಿದೆ. ಮರುಗಳಿಗೆಯಲ್ಲಿ ದೋಣಿ ತೆರೆಯೇರಿ ಅಳಿವೆ ದಾಟಿತ್ತು.

ಪ್ಲೇಟನ್ನು ತೊಳೆದು, ಕಾಗದಕ್ಕೆ ಇಳಿಸಿ ನೋಡಿದಾಗ ದೋಣಿ ಸ್ಪಷ್ಟವಾಗಿತ್ತು, ಹಾಯಿಯ ಹೊಲಿಗೆ ಸಹ. ಕಡಲು ಆಕಾಶವನ್ನು ಸೇರುವ ಗೆರೆ ಕೂದಲೆಳೆಯಷ್ಟು ಬಾಗಿತ್ತು. ಪುಸ್ತಕ ಅಷ್ಟರಮಟ್ಟಿಗೆ ಗೆದ್ದಿತು. ಜೊತೆಗೆ ಆಕಾಶದಲ್ಲಿ ಎರಡು ರೆಕ್ಕೆಯ ಒಂದು ಕಪ್ಪು ಗುರುತು. ಚಿತ್ರವನ್ನು ಚಾವಡಿಗೆ ತಂದ ಸಂಜೆ ಮೊದಲು ಅದನ್ನು ಕಂಡವರು ಮಾವ.

“ಗರುಡ!” ಎಂದು ಕೈ ಮುಗಿದರು. “ಅಮ್ಮ, ನಮ್ಮ ದೋಣಿಯ ಮೇಲೆ ಗರುಡ ಬಂದಿದೆ!”

ಅಜ್ಜಿ ಚಿತ್ರವನ್ನು ಮೂಗಿನ ಮೇಲಿಟ್ಟುಕೊಂಡು, ಒಬ್ಬೊಬ್ಬರನ್ನೇ ನಿಧಾನವಾಗಿ ಗುರುತಿಸಿ, ಕೊನೆಗೆ ಆಕಾಶಕ್ಕೆ ಬಂದರು.

“ಗರುಡವೂ ಇಲ್ಲ, ಗುಬ್ಬಿಯೂ ಇಲ್ಲ. ಇದು ನನ್ನ ಕುಚ್ಚಲಕ್ಕಿಯ ಹೊಟ್ಟು.”

“ಹೊಟ್ಟು ಆಕಾಶಕ್ಕೆ ಹೋಗ್ತದಾ ಅಮ್ಮ?”

“ಹೋಗ್ತದೆ. ಇವನ ಪೆಟ್ಟಿಗೆಯಲ್ಲಿ ಆಕಾಶ ಕೆಳಗೆ ಇರುವುದು. ಬಿದ್ದದ್ದೆಲ್ಲ ಅಲ್ಲಿಗೇ ಹೋಗಬೇಕು.” ನನ್ನ ಕಡೆ ತಿರುಗಿದರು. “ಆಗ ನಾನು ನೋಡಿದ್ದೇನೆ. ಆಕಾಶದಲ್ಲಿ ಒಂದೂ ಹಕ್ಕಿ ಇರಲಿಲ್ಲ. ಹೌದಾ ಅಲ್ಲವಾ?”

“ಹೌದು ಅಜ್ಜಿ” ಎಂದೆ.

“ಬಾಗಿಲಲ್ಲಿ ನಿಂತವರು ಯಾರೆಂದು ಕಾಣದವರು ಅಳಿವೆಯ ಮೇಲಿನ ಗರುಡನನ್ನು ನೋಡುವುದಾ?” ಎಂದು ಮಾವ ನಕ್ಕರು. ಮನೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಜ್ಜಿಯೇ. ಆಮೇಲೆ ಅಡುಗೆಮನೆಗೆ ಹೋಗಿ, ನಾನು ಮರಳಿ ತಂದಿದ್ದ ತಳವಿಲ್ಲದ ಪಾವಿನ ಕೆಳಗೆ ಎಡ ಅಂಗೈಯನ್ನು ಒತ್ತಿ ಹಿಡಿದು, ರಾತ್ರಿಯ ಅನ್ನಕ್ಕೆ ಅಕ್ಕಿ ಅಳೆಯತೊಡಗಿದರು.