ಕೆಲಸದವಳ ಪಾತ್ರದಲ್ಲಿ ಮನೆಯೊಡತಿ

“ಅಮ್ಮಾ, ನೀವಿಲ್ಲಿ ಮನೆಗೆಲಸದೋರು. ಸ್ವಲ್ಪ ತಲೆ ತಗ್ಗಿಸಿ ನಡೀರಿ,” ಎಂದು ನಿರ್ದೇಶಕರು ಮತ್ತೊಮ್ಮೆ ಕೇಳಿಕೊಂಡರು. ಕಾಫಿ ತಟ್ಟೆ ಹಿಡಿದಿದ್ದ ಸರೋಜಮ್ಮ “ಆಯ್ತಪ್ಪ” ಎಂದವರು ತಲೆಯೆತ್ತಿಕೊಂಡೇ ನಡೆದರು.

ಚಾಮರಾಜಪೇಟೆಯಲ್ಲಿ ನಮ್ಮ ಎದುರಿನ ಆ ದೊಡ್ಡ ಮನೆ ಅವರದೇ. ಒಂದು ಕಾಲಕ್ಕೆ ಅಲ್ಲಿ ಅಡುಗೆಗೊಬ್ಬರು, ಕಾರಿಗೊಬ್ಬರು ಇದ್ದರು. ವ್ಯಾಪಾರ ಮುಳುಗಿದ ಮೇಲೆ, ಮನೆಯನ್ನು ಧಾರಾವಾಹಿಗಳ ಶೂಟಿಂಗಿಗೆ ಬಾಡಿಗೆ ಕೊಟ್ಟು ಸಂಸಾರ ತೂಗಿಸುತ್ತಿದ್ದಾರೆ. ಅಂದು ಕೆಲಸದವಳ ಪಾತ್ರದ ನಟಿ ಬಾರದಿದ್ದಾಗ, ಆ ಸಂಬಳವೂ ಮನೆಗೇ ಬರಲಿ ಎಂದು ಇವರೇ ಸೆರಗು ಸಿಕ್ಕಿಸಿ ನಿಂತಿದ್ದರು. ನೋಡಲು ಹೋಗಿದ್ದ ನನಗೇ ಮುಜುಗರ.

ಯಜಮಾನಿಯ ಪಾತ್ರದ ಹುಡುಗಿ ಸೋಫಾದ ಮೇಲೆ ಕಾಲಿಟ್ಟು ಕೂತಿದ್ದಳು. ಸರೋಜಮ್ಮ ಕಾಫಿ ಕೊಡುತ್ತ, “ಕಾಲು ಕೆಳಗಿಡಮ್ಮ, ನಮ್ಮಾವನೋರು ಮಾಡಿಸಿದ ಸೋಫಾ ಅದು,” ಎಂದುಬಿಟ್ಟರು. ಹುಡುಗಿ ಗಾಬರಿಯಿಂದ ಕಾಲಿಳಿಸಿದಳು. ಕ್ಯಾಮೆರಾ ಹಿಡಿದವರೂ ನಕ್ಕರು. ನಿರ್ದೇಶಕರು ಯೋಚಿಸಿ ಆ ಮಾತನ್ನು ಹಾಗೇ ಉಳಿಸಿಕೊಂಡರು. ಈಗ ಆ ಧಾರಾವಾಹಿಯಲ್ಲಿ ಸರೋಜಮ್ಮ ಯಜಮಾನಿಯನ್ನೇ ಗದರಿಸುವ ಕೆಲಸದಾಕೆ, ವಾರವಾರವೂ ಪಾತ್ರವಿದೆ.

ವ್ಯಾಪಾರ ಮುಳುಗಿದ ಮೇಲೆ, ಒಳಗೆ ಹೋದರೆ ಅವರಿಗೆ ನೋವಾದೀತೆಂದು ಮೊದಲೆಲ್ಲ ಗೇಟಿನಲ್ಲೇ ಮಾತು ಮುಗಿಸುತ್ತಿದ್ದೆ. ಈಗ ಸಂಜೆ ಅವರ ಪಕ್ಕದಲ್ಲೇ ಕೂತು ಟಿ.ವಿ. ನೋಡುತ್ತೇನೆ. ಗದರಿಸುವ ದೃಶ್ಯ ಬಂದಾಗ ನನಗಿಂತ ಜೋರಾಗಿ ನಗುವವರು ಅವರೇ.