ಆನೆಗೆ ಕೊಟ್ಟ ಬಾಗಿನ

ಈ ಸಂಕ್ರಾಂತಿಗೆ ನಿಮ್ಮಪ್ಪ ಸಿಂಧಘಟ್ಟದ ಆಲೆಮನೆಯಿಂದ ಎರಡು ಅಚ್ಚು ಹೊಸ ಬೆಲ್ಲ ತಂದ. ಕಾಗದ ಬಿಚ್ಚಿದ ಕೂಡಲೇ ಮನೆಯೆಲ್ಲ ಅದೇ ವಾಸನೆ. ನೀವು ಓಡಿ ಬಂದಿರಿ. ನಾನು ಎದ್ದು ಹೋಗಿ ಕಿಟಕಿ ತೆಗೆದೆ. ಮುಚ್ಚಿದ ಜಾಗದಲ್ಲಿ ಹೊಸ ಬೆಲ್ಲದ ವಾಸನೆ ಬಂದರೆ ನನಗೆ ಇಂದಿಗೂ ಉಸಿರು ಕಟ್ಟುತ್ತದೆ... ಅಷ್ಟರಲ್ಲಿ ಜಗುಲಿಯಲ್ಲಿ ಕೂತಿದ್ದ ನಿಮ್ಮ ದೊಡ್ಡಜ್ಜ ಎಂದಿನಂತೆ ಆನೆಯ ಕಥೆ ತೆಗೆದರು. ನೀವೆಲ್ಲ ನಕ್ಕಿರಿ. ಆ ಕಥೆಯಲ್ಲಿ ಒಂದು ಸುಳ್ಳಿದೆ.

ನಿಮಗೆ ದೊಡ್ಡಜ್ಜಿಯಾಗಿದ್ದವರು ನನಗೆ ಓರಗಿತ್ತಿ. ನಾನು ಅಕ್ಕ ಎನ್ನುತ್ತಿದ್ದೆ. ಅವರ ಗಂಡ, ಅಂದರೆ ನಿಮ್ಮ ದೊಡ್ಡಜ್ಜ, ನನಗೆ ಭಾವ. ಆಗ ನಮ್ಮ ಮನೆಯಲ್ಲಿ ಕಿರಿಸೊಸೆ ಭಾವನ ಎದುರು ನಿಲ್ಲುವಂತಿರಲಿಲ್ಲ, ಬಾಯಿ ಬಿಡುವಂತಿರಲಿಲ್ಲ. ಯಾರೂ ಗದರಿ ಕಲಿಸಿದ್ದಲ್ಲ. ಹಾಗೇ ಇತ್ತು.

ನಿಮ್ಮಪ್ಪ ಐದು ವರ್ಷದವನಿದ್ದಾಗ ಭಾವನವರು ಬಾಡಿಗೆಗೆ ಓಡಿಸುತ್ತಿದ್ದ ವ್ಯಾನಿನಲ್ಲಿ ನಾವೆಲ್ಲ ಕಿಕ್ಕೇರಿಯಿಂದ ನಾಗರಹೊಳೆಗೆ ಹೊರಟೆವು. ಕಾಡಿನ ಅಂಚಿನಲ್ಲಿ ಪರಿಚಯದ ಗಾರ್ಡಿನ ಮನೆ ಪಕ್ಕ ಟಾರ್ಪಾಲಿನ ಡೇರೆ ಹಾಕಿ ಎರಡು ದಿನ ಇರುವುದು, ಪ್ರಾಣಿ ನೋಡುವುದು ಎಂದಾಗಿತ್ತು. ಮದುವೆಯಾಗಿ ಏಳು ವರ್ಷಕ್ಕೆ ಅದು ನನ್ನ ಮೊದಲ ಪ್ರವಾಸ. ಬರಿಗೈಯಲ್ಲಿ ಒಬ್ಬರ ಮನೆಗೆ ಹೇಗೆ ಹೋಗುವುದು? ಗಾರ್ಡಿನ ಹೆಂಡತಿಗೆಂದು ಎರಡು ಅಚ್ಚು ಬೆಲ್ಲ, ಅರಿಶಿನ, ಕುಂಕುಮ, ರವಿಕೆ ಕಣ ಗಂಟು ಕಟ್ಟಿಕೊಂಡೆ. ಕಟ್ಟುವಾಗ ಅಕ್ಕ ಮಾತ್ರ ನೋಡಿದ್ದರು. ಹೋದರೆ ಆ ಹೆಂಗಸು ತವರಿಗೆ ಹೋಗಿದ್ದಳು. ಮಡಿಲಿಗೆ ಕೊಡಬೇಕಾದ್ದನ್ನು ಗಂಡಸಿನ ಕೈಗೆ ಕೊಡುವುದೆಂತು? ಗಂಟು ನನ್ನ ಸೀಟಿನ ಕೆಳಗೇ ಉಳಿಯಿತು.

ಮಾರನೆಯ ಬೆಳಿಗ್ಗೆ ಕಾಡಿನೊಳಗೆ ಹೊರಡುವಾಗ ಗಾರ್ಡು ವ್ಯಾನಿನ ಬಾಗಿಲಲ್ಲಿ ನಿಂತು ಕೇಳಿದರು. "ಒಳಗೆ ಬಾಳೆಹಣ್ಣು, ಬೆಲ್ಲ, ಕಬ್ಬು ಏನಾರ ಮಡಗಿದ್ದೀರಾ? ಇದ್ರೆ ಇಲ್ಲೇ ಇಳಿಸ್ಬುಡಿ. ಆನೆ ಮೂಗು ಬಲು ಚುರುಕು."

"ಏನಿಲ್ಲ ಬನ್ನಿ ಸಾರ್, ಬರೀ ರೊಟ್ಟಿ ಚಟ್ನಿ," ಎಂದರು ಭಾವ.

ಐತೆ ಎಂಬ ಒಂದು ಮಾತು ಸಾಕಿತ್ತು, ಭಾವನ ಎದುರು ಆಡಲಾಗಲಿಲ್ಲ. ನನ್ನ ಗಂಡ, ನಿಮ್ಮಜ್ಜ, ಮುಂದೆ ಕೂತಿದ್ದರು, ಪಿಸುಗುಟ್ಟಲೂ ದೂರ. ಅಕ್ಕ ಡೇರೆಯ ಮುಂದಿನ ಒಲೆಗೆ ನೀರು ಹಾಕಿ ಕಡೆಯಲ್ಲಿ ಬಂದು ಹತ್ತಿದರು. ಗಾರ್ಡಿನ ಮಾತು ಅವರಿಗೆ ಕೇಳಿರಲಿಲ್ಲ. ಬಾಗಿಲು ಹಾಕಿಕೊಂಡಿತು.

ಒಂದು ತಿರುವಿನಲ್ಲಿ ಒಂಟಿ ಸಲಗ ಅಡ್ಡ ನಿಂತಿತ್ತು. ಗಾರ್ಡು ಕೈ ಅಲ್ಲಾಡಿಸಿದ್ದಕ್ಕೆ ಭಾವ ಇಂಜಿನ್ ನಿಲ್ಲಿಸಿದರು. ಅದು ಹೋಗಲಿಲ್ಲ. ನಿಧಾನವಾಗಿ ಬಂದು ನೇರ ನನ್ನ ಕಿಟಕಿಯ ಪಕ್ಕ ನಿಂತಿತು. ಗಾಜಿನ ಮೇಲೆ ಸೊಂಡಿಲ ತುದಿ ಒದ್ದೆಯಾಗಿ ಹರಿದಾಡಿತು. ವ್ಯಾನು ಒಮ್ಮೆ ಅತ್ತ ವಾಲಿ ಇತ್ತ ಬಂತು. ಬಿಸಿಲಿಗೆ ಕಾದ ಬೆಲ್ಲದ ವಾಸನೆ ಒಳಗೆಲ್ಲ ತುಂಬಿತ್ತು. ನಿಮ್ಮಪ್ಪ ಅಳಬಾರದೆಂದು ಅವನ ಬಾಯಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದಿದ್ದೆ. ಎಷ್ಟು ಹೊತ್ತೋ...

"ಬೆಲ್ಲದ ವಾಸ್ನೆ ಬತ್ತಾ ಐತೆ. ಯಾರ ತಾವ ಐತೆ? ಬೇಗ ಯೋಳಿ," ಗಾರ್ಡು ಪಿಸುಗುಟ್ಟಿದರು.

ಮಗುವಿನ ಜೀವ ನನ್ನ ಕೈಯಲ್ಲಿತ್ತು. ಆದರೂ ನಾನು ಬಾಯಿ ತೆರೆಯಲಿಲ್ಲ.

ಅಕ್ಕ ಒಮ್ಮೆ ನನ್ನ ಮುಖ ನೋಡಿದರು. ಬಗ್ಗಿ ನನ್ನ ಕಾಲಡಿಯ ಗಂಟನ್ನು ಎಳೆದುಕೊಂಡು, ತಮ್ಮ ಕಡೆಯ ಗಾಜು ಸರಿಸಿ, ದೂರದ ಪೊದೆಗೆ ಬೀಸಿ ಎಸೆದರು. "ನಂದೇ ಕಣಪ್ಪ, ನಾನೇ ಮಡಗಿದ್ದೆ," ಎಂದರು. ಆನೆ ವ್ಯಾನನ್ನು ಬಳಸಿಕೊಂಡು ಅತ್ತ ನಡೆಯಿತು.

"ಥೂ ನಿನ್ನ! ಬಾಯಿಗೇನ್ ಬೀಗ ಜಡ್ಕೊಂಡಿದ್ಯಾ? ಮಗೀನ ಸಾಯಿಸ್ಬುಡ್ತಿದ್ದಲ್ಲೇ!" ಭಾವ ತಿರುಗಿ ಕೂಗಾಡಿದರು.

"ಊಂ, ನಂದೇ ತಪ್ಪು. ಮೊದ್ಲು ಗಾಡಿ ಓಡ್ಸಿ. ಬೆಲ್ಲ ಸಾಲ್ದು ಅಂತ ಆನೆ ತಿರುಗಿ ಬಂದಾತು."

ಅಂದೇ ಡೇರೆ ಬಿಚ್ಚಿದೆವು. ಹಗ್ಗ ಸುತ್ತುವಾಗ ನಾನು ಕೇಳಿದೆ. "ಯಾಕಕ್ಕ ಅಂಗಂದೆ?"

"ಸುಮ್ಕಿರಮ್ಮಿ. ಬೈಸ್ಕೊಳ್ಳೋದು ನಂಗೆ ರೂಢಿ. ನೀನಾದ್ರೆ ಮೂರು ದಿನ ಉಣ್ಣಕಿಲ್ಲ. ನಿಂಗೆ ಧೈರ್ಯ ಬಂದಾಗ ನೀನೇ ಯೋಳೀವಂತೆ ಬುಡು."

ಆಮೇಲೆ ಮದುವೆಯಿರಲಿ, ಹಬ್ಬವಿರಲಿ, "ಆನೆಗೆ ಬಾಗಿನ ಕೊಟ್ಬುಟ್ಟು ಬಂದೋಳು ಇವ್ಳೇ ಕಣ್ರಪ್ಪ" ಎಂದು ಭಾವ ನಗಿಸುತ್ತಿದ್ದರು. ಅಕ್ಕನೂ ನಗುತ್ತಿದ್ದರು. ನಗುತ್ತಾ ಒಂದು ಸಲ ನನ್ನ ಕಡೆ ನೋಡುತ್ತಿದ್ದರು, ಅಷ್ಟೆ. ಪ್ರತಿ ಸಲವೂ ನಾನು ಮತ್ತೆ ಆ ವ್ಯಾನಿನೊಳಗೇ ಕೂತಿರುತ್ತಿದ್ದೆ, ಗಾಜು ಮುಚ್ಚಿಕೊಂಡು.

ಹೋದ ವರ್ಷ ಅಕ್ಕ ಆಸ್ಪತ್ರೆಯಲ್ಲಿದ್ದಾಗ ಅವರೆದುರೇ ಭಾವನಿಗೆ ಹೇಳಿಬಿಡಬೇಕೆಂದೇ ಹೋಗಿದ್ದೆ. ಅವರ ಕೈ ಹಿಡಿದು ಕೂತೆ. ಭಾವ ಬಾಗಿಲಲ್ಲೇ ನಿಂತಿದ್ದರು... ಮೂರನೆಯ ದಿನ ಅಕ್ಕ ಹೋದರು.

ನಾನು ಹೇಳುವುದನ್ನು ಕೇಳಬೇಕಿದ್ದ ಅಕ್ಕ ಈಗಿಲ್ಲ. ನನ್ನ ಬಾಯಿ ಇನ್ನೂ ಹಾಗೇ ಇದೆ, ಅದಕ್ಕೆ ಬರೆದೆ. ಇದನ್ನು ನಿಮ್ಮ ದೊಡ್ಡಜ್ಜನ ಮುಂದೆ ಜಗುಲಿಯಲ್ಲಿ ಗಟ್ಟಿಯಾಗಿ ಓದಿ. ನಾನು ಬಾಗಿಲ ಹಿಂದೆ ಇರುತ್ತೇನೆ. ಈ ಸಲ ಎದ್ದು ಒಳಗೆ ಹೋಗುವುದಿಲ್ಲ.